ಗಾಜಿನ ಮುಂದೆ ನಿಲ್ಲುವ ಕಾಯಿಲೆ

ಮೊದಲು ನನಗೆ ಅನುಮಾನ ಬಂದದ್ದು ಮನೆಯವರ ಮೇಲೆಯೇ.

ಸ್ವೀಡನ್ನಿನ ಸೋಲ್ನಾದಲ್ಲಿ, ನಮ್ಮ ಮನೆಯಿಂದ ಮೆಟ್ರೊ ನಿಲ್ದಾಣಕ್ಕೆ ಹೋಗುವ ದಾರಿಯಲ್ಲಿ ಮನೆ ಮಾರಿಸಿಕೊಡುವವರ ಕಚೇರಿಯೊಂದಿದೆ. ಮಾರಾಟಕ್ಕಿರುವ ಫ್ಲ್ಯಾಟುಗಳ ಫೋಟೊಗಳನ್ನು ಗಾಜಿನ ಹಿಂದೆ ತೂಗುಹಾಕಿರುತ್ತಾರೆ. ಇವರು ಅದರ ಮುಂದೆ ನಿಲ್ಲಲು ಶುರುಮಾಡಿದರು. ಒಂದು ದಿನ ನಿಂತರೆ ಸರಿ, ಎರಡು ದಿನ ನಿಂತರೂ ಸರಿ. ದಿನಾ ನಿಂತರೆ? ನನಗೆ ಹೇಳದೆ ಮನೆ ಕೊಳ್ಳುವ ಯೋಚನೆ ಇರಬೇಕು ಎಂದುಕೊಂಡೆ. ಇಲ್ಲಿಗೆ ಬಂದಾಗಿನಿಂದ ಬಾಡಿಗೆ ಮನೆಯಲ್ಲೇ ಇದ್ದೇವೆ. ಇರುವ ಒಬ್ಬ ಮಗಳು ಕಾಲೇಜಿಗೆ ಬಂದಿದ್ದಾಳೆ. ಈ ವಯಸ್ಸಿನಲ್ಲಿ ಇವರಿಗೇಕೆ ಹೊಸ ಮನೆಯ ಹುಚ್ಚು ಎಂದು ಒಳಗೊಳಗೇ ಲೆಕ್ಕ ಹಾಕುತ್ತಿದ್ದೆ.

ಆಮೇಲೆ ಹೂವಿನ ಅಂಗಡಿಯ ಮುಂದೆ ನಿಂತರು. ಅದಕ್ಕೂ ಒಂದು ಅರ್ಥ ಹಚ್ಚಿಕೊಂಡೆ, ಹೇಳುವುದಿಲ್ಲ. ಕೊನೆಗೆ ಕಿವಿಗೆ ಹಾಕುವ ಯಂತ್ರಗಳ ಅಂಗಡಿಯ ಮುಂದೆಯೂ ನಿಂತಾಗ ನನ್ನ ತಾಳ್ಮೆ ಮುಗಿಯಿತು.

"ಏನ್ರೀ, ಕಿವಿ ಕೇಳಿಸ್ತಿಲ್ವಾ?"

"ಯಾಕೆ? ಚೆನ್ನಾಗೇ ಕೇಳ್ಸತ್ತೆ."

"ಮತ್ತೆ ಇಲ್ಲೇನ್ ನೋಡ್ತಿದೀರಾ ಅಷ್ಟೊತ್ತಿಂದ?"

"ಸುಮ್ನೆ. ಡಿಸೈನ್ ಚೆನ್ನಾಗಿದೆ."

ಮೂವತ್ತು ವರ್ಷ ಸಂಸಾರ ಮಾಡಿದವಳಿಗೆ ಗಂಡನ 'ಸುಮ್ನೆ' ಯಾವುದು, ಸುಮ್ಮನಲ್ಲದ 'ಸುಮ್ನೆ' ಯಾವುದು ಎಂದು ತಿಳಿಯದಿರುತ್ತದೆಯೇ? ಆಮೇಲಿನ ವಾರ ಸಕ್ಕರೆ ಕಾಯಿಲೆಯ ತಪಾಸಣೆಗೆ ಬಡಾವಣೆಯ ಆಸ್ಪತ್ರೆಗೆ ಹೋಗುವಾಗ ನಾನೂ ಜೊತೆಗೆ ಹೋದೆ. ಇವರು ಬಾಯಿ ಬಿಡುವ ಮೊದಲೇ ನಾನು ಗಾಜಿನ ವಿಷಯ ಹೇಳಿಬಿಟ್ಟೆ. ಡಾಕ್ಟರು ನಗಲಿಲ್ಲ. ಇವರ ಪಾದ ಮುಟ್ಟಿ ನೋಡಿ, ಸ್ವೀಡಿಷ್‌ನಲ್ಲಿ ಒಂದು ಉದ್ದ ಹೆಸರು ಹೇಳಿದರು. ಮನೆಗೆ ಬಂದು ಮಗಳಿಗೆ ಹೇಳಿದರೆ ಅವಳು ಹೊಟ್ಟೆ ಹಿಡಿದು ನಕ್ಕಳು. "ಅಮ್ಮಾ, ಅದರ ಅರ್ಥ ಅಂಗಡಿ ಗಾಜು ನೋಡೋರ ಕಾಯಿಲೆ ಅಂತ!" ನಕ್ಕವಳು ಆಮೇಲೆ ಫೋನಿನಲ್ಲಿ ಅದರ ಬಗ್ಗೆ ಓದಿ, ನಗು ನಿಲ್ಲಿಸಿ ನನಗೂ ವಿವರಿಸಿದಳು.

ಬೆಂಗಳೂರಿನ ಬೋರ್‌ವೆಲ್ ನೀರು ಹರಿದು ಹರಿದು ಪೈಪಿನೊಳಗೆ ಉಪ್ಪು ಕಟ್ಟಿಕೊಳ್ಳುತ್ತದಲ್ಲ, ಹಾಗೆ ಕಾಲಿಗೆ ರಕ್ತ ಒಯ್ಯುವ ನಾಳ ಕಟ್ಟಿಕೊಂಡಿತ್ತು. ನಡೆದರೆ ಮೀನಖಂಡ ಹಿಡಿಯುತ್ತದೆ, ನಿಂತರೆ ಬಿಡುತ್ತದೆ. ರಸ್ತೆ ನಡುವೆ ಸುಮ್ಮನೆ ನಿಲ್ಲಲು ನಾಚಿಕೆ, ಅದಕ್ಕೆ ಜನ ಗಾಜು ನೋಡುತ್ತಾರಂತೆ. ಹೆಸರಿಟ್ಟವರು ಗಂಡಸರನ್ನು ಚೆನ್ನಾಗಿ ಬಲ್ಲವರು.

ಸಿಗರೇಟು ಬಿಡಿಸಿದೆವು, ಮಾತ್ರೆ ನುಂಗಿಸಿದೆವು, ದಿನಾ ನಡೆಸಿದೆವು. ಸಾಲಲಿಲ್ಲ. ದೊಡ್ಡ ಆಸ್ಪತ್ರೆಗೆ ಕಳಿಸಿದರು. ಅಲ್ಲಿಯ ರಕ್ತನಾಳದ ಡಾಕ್ಟರು, ನಾಳವನ್ನು ಒಳಗಿನಿಂದ ಬಲೂನು ಉಬ್ಬಿಸಿ ಬಿಡಿಸಬಹುದು ಎಂದರು. ಅದರ ಜೊತೆಗೆ ಇನ್ನೊಂದು ಮಾತು ಬಂತು. ಒಂದು ಹೊಸ ಕಂಪನಿ ಸಣ್ಣದೊಂದು ಜಾಲರಿ ಮಾಡಿದೆ, ನಾಳವನ್ನು ಕೆಲವು ಕಾಲ ಹಿಡಿದಿಟ್ಟು ಆಮೇಲೆ ತಾನೇ ಕರಗಿಹೋಗುತ್ತದೆ, ಅದರ ಪರೀಕ್ಷೆ ನಡೆಯುತ್ತಿದೆ, ಸೇರುತ್ತೀರಾ ಎಂದು ಕೇಳಿದರು. ಸೇರಿದವರಲ್ಲಿ ಕೆಲವರಿಗೆ ಹಳೆಯ ಬಲೂನು ಮಾತ್ರ, ಕೆಲವರಿಗೆ ಹೊಸ ಜಾಲರಿ. ಯಾರಿಗೆ ಯಾವುದು ಎಂಬುದನ್ನು ಕಂಪ್ಯೂಟರು ಚೀಟಿ ಎತ್ತಿದ ಹಾಗೆ ತೀರ್ಮಾನಿಸುತ್ತದೆ. ರೋಗಿಗೆ ಹೇಳುವುದಿಲ್ಲ.

"ಇದಕ್ಕೆ ದುಡ್ಡು ಯಾರು ಕೊಡೋದು?" ಎಂದು ಕೇಳಿದೆ.

ಡಾಕ್ಟರು ಕಣ್ಣು ಮಿಟುಕಿಸದೆ, ಆ ಕಂಪನಿಯೇ ಕೊಡುತ್ತದೆ, ಬೇಡವಾದರೆ ಬಿಡಿ, ನಿಮ್ಮ ಚಿಕಿತ್ಸೆಗೇನೂ ಕೊರತೆಯಾಗದು ಎಂದರು. ಇಷ್ಟು ನೇರವಾಗಿ ಹೇಳುವವರು ಇನ್ನೇನನ್ನು ಮುಚ್ಚಿಟ್ಟಿದ್ದಾರೋ ಎಂದು ನನಗೆ ಇನ್ನಷ್ಟು ದಿಗಿಲಾಯಿತು. ಇವರು ಮಾತ್ರ ಆಗಲೇ ಸಹಿ ಹಾಕಲು ಪೆನ್ನು ತೆಗೆದಿದ್ದರು. ಇಪ್ಪತ್ತೈದು ವರ್ಷ ಸಾಫ್ಟ್‌ವೇರ್ ಟೆಸ್ಟಿಂಗ್ ಮಾಡಿದವರು. "ನಾನು ಬೇರೆಯವರದ್ದೆಲ್ಲ ಟೆಸ್ಟ್ ಮಾಡಿದೀನಿ. ನನ್ನನ್ನೂ ಯಾರಾದ್ರೂ ಮಾಡ್ಲಿ ಬಿಡು" ಎಂದರು.

ಪರೀಕ್ಷೆಯ ಉಸ್ತುವಾರಿಗೆ ಒಬ್ಬ ನರ್ಸ್ ಇದ್ದರು. ನಮ್ಮದೇ ವಯಸ್ಸು, ಎತ್ತರದ ಆಳು, ಬೆಳ್ಳಿ ಕೂದಲಿನ ಜಡೆ. ಮೆಲುದನಿ. ಬಂದವರಿಗೆ ತಾವೇ ಕಾಫಿ ತಂದುಕೊಡುತ್ತಿದ್ದರು. ಇವರು ಕರಗಿಹೋದರು. ನಾಳ ಬಿಡಿಸಿಕೊಂಡು ಮನೆಗೆ ಬಂದ ಮೇಲೆ, ಅವರಿಗೆ ಚಕ್ಕುಲಿ ಮಾಡಿಕೊಡು ಎಂದು ನನ್ನ ಬೆನ್ನು ಹತ್ತಿದರು. ಉಡುಗೊರೆ ತೆಗೆದುಕೊಳ್ಳುವಂತಿಲ್ಲ ಎಂದು ಆಕೆ ಹೇಳಿದರೂ ಇವರು ಡಬ್ಬವನ್ನು ಮೇಜಿನ ಮೇಲೆ ಇಟ್ಟೇ ಬಂದರು. ಅದು ಇಲ್ಲಿಯವರು ಫಿಕಾ ಎನ್ನುವ ಕಾಫಿ ಬಿಡುವಿನ ಹೊತ್ತಿನಲ್ಲಿ ಎಲ್ಲರ ಪಾಲಾಯಿತಂತೆ. ಮುಂದಿನ ಸಲ ಹೋದಾಗ ಆಕೆ ಕೈಜೋಡಿಸಿ "ನಮಸ್ಕಾರ" ಎಂದರು. ಇವರು ಆ ನಮಸ್ಕಾರವನ್ನು ಬಂದವರಿಗೆಲ್ಲ ಹೇಳಿಕೊಂಡು ತಿರುಗಿದರು. ನಾನೊಬ್ಬಳೇ ಯೋಚಿಸಿದ್ದು: ಸರಿ, ಇಷ್ಟೊಂದು ಪ್ರೀತಿ ಯಾಕೆ?

ಮೊದಲ ಎರಡು ಮೂರು ತಿಂಗಳು ನಿಜಕ್ಕೂ ಚೆನ್ನಾಗಿತ್ತು. ಸರೋವರದ ಸುತ್ತ ನಿಲ್ಲದೆ ನಡೆದರು. ಬಾತುಕೋಳಿ ನೋಡಲು ನಾನು ನಿಂತರೆ "ಏನೇ, ನಿನಗೂ ಗಾಜಿನ ಕಾಯಿಲೆ ಬಂತಾ?" ಎಂದು ರೇಗಿಸುತ್ತಿದ್ದರು.

ಆಗಲೇ ಕೆಳಗಿನ ಮನೆಯ ಹುಬ್ಬಳ್ಳಿಯ ಹುಡುಗಿ ಕಂಪನಿಯ ಸುದ್ದಿ ತಂದದ್ದು. ಹುಡುಗಿ ಎಂದರೆ ಎರಡು ಮಕ್ಕಳ ತಾಯಿ. ಗಂಡ ಎಂಜಿನಿಯರು, ಇವಳು ಹೊಸ ಕಂಪನಿಗಳಿಗೆ ಬಂಡವಾಳ ಹುಡುಕಿಕೊಡುವ ಕಚೇರಿಯಲ್ಲಿ ಕೆಲಸ ಮಾಡುತ್ತಾಳೆ. ನೆಲಮಾಳಿಗೆಯ ಬಟ್ಟೆ ಒಗೆಯುವ ಕೋಣೆಯಲ್ಲಿ ನನ್ನ ಸರದಿ ಮುಗಿದು ಅವಳ ಸರದಿ ಶುರುವಾಗುವ ಹೊತ್ತು. ನಾನು ಯಂತ್ರದಿಂದ ಹೊದಿಕೆಗಳನ್ನು ಎಳೆಯುತ್ತಿದ್ದೆ.

"ಅಕ್ಕಾ, ನಿಮ್ಮ ಮನಿಯವರ ಕಾಲಿಗೆ ಹಾಕಿದ್ರಲ್ಲ, ಅದೇ ಕಂಪನಿ. ಭಾಳ ದೊಡ್ಡ ಫಂಡಿಂಗ್ ಸಿಕ್ಕದ. ನಮ್ಮ ಆಫೀಸ್‌ನಾಗ ಬರೇ ಅದೇ ಮಾತು."

"ಹಾಕಿದ್ದು ಅದೋ ಅಲ್ವೋ ಗೊತ್ತಿಲ್ಲಮ್ಮ. ಹೇಳಲ್ವಂತೆ. ಒಳ್ಳೇದಾಯ್ತು ಬಿಡು, ದುಡ್ಡು ಬಂದ್ರೆ ಕಂಪನಿ ನಿಲ್ಲತ್ತೆ."

"ಎಲ್ಲಾ ಒಮ್ಮೆಗೇ ಬರೂದಿಲ್ಲ ಅಕ್ಕಾ. ಸ್ವಲ್ಪ ಈಗ. ಪರೀಕ್ಷೆದು ರಿಸಲ್ಟ್ ಚೊಲೋ ಬಂದ್ರ ಮುಂದಿಂದು."

"ಚೆನ್ನಾಗಿ ಬರದಿದ್ರೆ?"

ಅವಳು ಕೈಯಲ್ಲಿದ್ದ ಮಗುವಿನ ಅಂಗಿಯನ್ನು ಯಂತ್ರದೊಳಗೆ ಎಸೆದು, "ಬರ್ಲಿಲ್ಲಂದ್ರ ಅಂಗಡಿ ಬಂದ್!" ಎಂದು ನಕ್ಕಳು.

ನನಗೆ ನಗು ಬರಲಿಲ್ಲ. ಒದ್ದೆ ಹೊದಿಕೆ ಹೊತ್ತು ಮೇಲೆ ಬರುವಾಗ ಎಲ್ಲ ಜೋಡಿಸಿಕೊಂಡೆ. ಕಾಫಿ, ಮೆಲುದನಿ, ನಮಸ್ಕಾರ. ಅವರಿಗೆ ಬೇಕಾದದ್ದು 'ಚೆನ್ನಾಗಿದೆ' ಎಂಬ ಒಂದು ಮಾತು. ಅದನ್ನು ನಯವಾಗಿ ಹೊರಡಿಸಿಕೊಳ್ಳುತ್ತಿದ್ದಾರೆ.

ಅಂದಿನಿಂದ ನರ್ಸ್ ಫೋನ್ ಮಾಡಿದಾಗಲೆಲ್ಲ ನಾನು ಹುರುಳಿಕಾಯಿ ಹಿಡಿದುಕೊಂಡು ಪಕ್ಕದಲ್ಲೇ ಕೂರತೊಡಗಿದೆ. ಆಸ್ಪತ್ರೆಗೆ ಬರಬೇಕಾದದ್ದು ಬೇಸಿಗೆ ರಜೆ ಕಳೆದ ಮೇಲೆ. ಅಲ್ಲಿಯವರೆಗೆ ಫೋನಿನಲ್ಲೇ ವಿಚಾರಣೆ. ಸ್ಪೀಕರ್ ಹಾಕಿಸುತ್ತಿದ್ದೆ. ಆಕೆ ಬಾಯಿಗೆ ಮಾತು ಹಾಕುವುದನ್ನು ಹಿಡಿಯಬೇಕೆಂದು ಕಾದೆ. ಹಿಡಿಯಲು ಏನೂ ಸಿಗಲಿಲ್ಲ. ನಡೆಯುವಾಗ ನಿಲ್ಲಬೇಕಾಗುತ್ತದೆಯೇ? ಮಲಗಿದಾಗ ನೋವಿದೆಯೇ? ಗಾಯವೇನಾದರೂ? ಒಂದೇ ದನಿಯಲ್ಲಿ, ತರಕಾರಿ ಬೆಲೆ ಕೇಳಿದ ಹಾಗೆ ಕೇಳುತ್ತಿದ್ದರು. ಉತ್ತರ ಬರುವವರೆಗೆ ಸುಮ್ಮನಿರುತ್ತಿದ್ದರು.

ಇವರೇ ಗಡಿಬಿಡಿಯಿಂದ, "ಇಲ್ಲ ಇಲ್ಲ, ತುಂಬಾ ಚೆನ್ನಾಗಿದೆ, ಥ್ಯಾಂಕ್ಸ್, ನೀವು ಹೇಗಿದ್ದೀರಿ?" ಎನ್ನುತ್ತಿದ್ದರು.

ಆಗ ನನ್ನ ಅನುಮಾನ ದಾರಿ ಬದಲಿಸಿ ಮತ್ತೆ ಮನೆಗೇ ಬಂತು.

ಏಕೆಂದರೆ ನಾನು ನೋಡುತ್ತಿದ್ದೆನಲ್ಲ. ಸರೋವರದ ಸುತ್ತು ಅರ್ಧಕ್ಕೆ ಇಳಿದಿತ್ತು, "ಆಫೀಸ್ ಕಾಲ್ ಇದೆ" ಎಂಬ ನೆಪ. ಮಧ್ಯಾಹ್ನ ಸೋಫಾದ ಮೇಲೆ ಒರಗಿದರೆ ಎಡಗಾಲನ್ನು ಮಾತ್ರ ಕೆಳಗೆ ಇಳಿಬಿಡುತ್ತಿದ್ದರು. ಇಲ್ಲಿ ಜೂನ್ ಎಂದರೆ ಬೇಸಿಗೆ. ಆ ಸೆಕೆಯಲ್ಲಿ, ಮನೆಯೊಳಗೆ, ಕಾಲುಚೀಲ. ಉಗುರು ತೆಗೆಯುತ್ತೇನೆ ಕೂತ್ಕೊಳ್ಳಿ ಎಂದರೆ "ಆಮೇಲೆ, ಆಮೇಲೆ". ಮದುವೆಯಾದಾಗಿನಿಂದ ಉಗುರು ತೆಗೆಯಿರಿ ಎಂದು ನಾನು ಗೋಗರೆಯುತ್ತಿದ್ದುದು ನಿಜ. ಆದರೆ ಈ ಸಲದ 'ಆಮೇಲೆ' ಬೇರೆ ಥರದ್ದು.

ಒಂದು ಭಾನುವಾರ ಊಟವಾದ ಮೇಲೆ ಇವರು ಗೊರಕೆ ಹೊಡೆಯತೊಡಗಿದಾಗ ನೆಲದ ಮೇಲೆ ಕೂತು ಎಡಗಾಲಿನ ಕಾಲುಚೀಲವನ್ನು ಮೆಲ್ಲಗೆ ಜಾರಿಸಿದೆ. ಪಾದ ತಣ್ಣಗಿತ್ತು. ಹೆಬ್ಬೆರಳಿನ ಉಗುರಿನ ಪಕ್ಕ ಒಂದು ಸಣ್ಣ ಹುಣ್ಣು, ಅಂಚು ಕಪ್ಪಿಟ್ಟಿತ್ತು. ಹೊಸದಲ್ಲ, ಅಂಟಿಸಿದ ಪಟ್ಟಿಯ ಗುರುತು ಸುತ್ತಲೂ ಇತ್ತು.

ಇವರು ಎಚ್ಚರವಾದರು. "ಏನೇ ಇದು, ಮಲಗಿದೋನ ಕಾಲುಚೀಲ ಕದೀತೀಯಾ?"

"ಮೊನ್ನೆ ಫೋನಲ್ಲಿ ಗಾಯ ಇದ್ಯಾ ಅಂತ ಕೇಳಿದ್ರು. ಏನಂದ್ರಿ?"

"ಇದೇನ್ ಗಾಯ? ಶೂ ಕಚ್ಚಿರೋದು."

"ನಡೆಯೋವಾಗ ನಿಲ್ಲಬೇಕಾ ಅಂತ ಕೇಳಿದ್ರು. ಏನಂದ್ರಿ?"

ಇವರು ಗೋಡೆ ಕಡೆ ನೋಡಿದರು. "ಪಾಪ, ಎಷ್ಟು ಆಸೆಯಿಂದ ಕೇಳ್ತಾರೆ ಗೊತ್ತಾ? ಅಷ್ಟು ಚೆನ್ನಾಗಿ ನೋಡ್ಕೊಂಡಿದಾರೆ. ಆಗ್ಲಿಲ್ಲ ಅಂತ ಹೇಗೆ ಹೇಳೋದು? ಮುಖ ಸಣ್ಣದಾಗತ್ತೆ ಅವ್ರಿಗೆ."

"ಫೋನಲ್ಲಿ ಮುಖ ಎಲ್ಲಿ ಕಾಣ್ಸತ್ರೀ ನಿಮಗೆ?"

"ದನೀಲಿ ಗೊತ್ತಾಗತ್ತೆ."

"ನಿಮ್ಮನ್ನ ಬೀಗರೂಟಕ್ಕೆ ಕರೆದಿದ್ರಾ ಅವ್ರು, ಸಾರಿಗೆ ಉಪ್ಪು ಕಮ್ಮಿ ಅನ್ನೋಕೆ ಸಂಕೋಚ ಪಡೋದಕ್ಕೆ? ಕಾಲು ಹೋಗತ್ರೀ! ಆಮೇಲೆ ಅವರಿಗೆ ಚಕ್ಕುಲಿ ಯಾವ ಕಾಲಲ್ಲಿ ನಡ್ಕೊಂಡ್ಹೋಗಿ ಕೊಡ್ತೀರಾ?"

ಇವರು ಕಾಲುಚೀಲವನ್ನು ನನ್ನ ಕೈಯಿಂದ ತೆಗೆದುಕೊಂಡರು. ಆಮೇಲೆ ಮೆಲ್ಲಗೆ, "ಇನ್ನೊಂದ್ಸಲ ಆ ಟೇಬಲ್ ಮೇಲೆ ಮಲಗೋಕೆ ಭಯ ಕಣೇ" ಎಂದರು. ದಾಕ್ಷಿಣ್ಯ ಅರ್ಧ, ಭಯ ಅರ್ಧ. ಯಾವುದರ ಬೆನ್ನಿಗೆ ಯಾವುದು ಅಡಗಿತ್ತೋ, ಅವರಿಗೂ ಗೊತ್ತಿರಲಿಕ್ಕಿಲ್ಲ.

ಬೆಳಗಾಗುತ್ತಲೇ ನಾನೇ ಫೋನ್ ಮಾಡಿದೆ, ನನ್ನ ಮುರುಕು ಸ್ವೀಡಿಷ್‌ನಲ್ಲಿ. ಹುಣ್ಣು, ಕಪ್ಪು, ತಣ್ಣಗೆ. ನರ್ಸ್ ಹೆಚ್ಚು ಕೇಳಲಿಲ್ಲ. ಇವತ್ತೇ ಬನ್ನಿ ಎಂದರು.

ಆಸ್ಪತ್ರೆಯಲ್ಲಿ ಆಕೆ ಕಾಫಿ ತಂದಿಟ್ಟು, ಕಾಲುಚೀಲ ತೆಗೆಸುವ ಮೊದಲು ಎಂದಿನಂತೆ ಇವರನ್ನು ಕೇಳಿದರು: ಹೇಗಿದ್ದೀರಿ? ನನ್ನ ಗಂಡ, ಹುಣ್ಣು ತೋರಿಸಲೆಂದೇ ಬಂದು ಕೂತ ನನ್ನ ಗಂಡ, "ಚೆನ್ನಾಗಿದೀನಿ" ಎಂದರು.

"ನೈ" ಎಂದೆ ನಾನು. ಸ್ವೀಡಿಷ್‌ನ ಇಲ್ಲ. ನಾನು ಅಂದುಕೊಂಡದ್ದಕ್ಕಿಂತ ಜೋರಾಗಿ ಬಂತು.

ಆಕೆ ಕುರ್ಚಿಯನ್ನು ನನ್ನ ಕಡೆ ತಿರುಗಿಸಿಕೊಂಡರು. ನಾನು ಎಲ್ಲ ಹೇಳಿದೆ. ಅರ್ಧ ಸುತ್ತು, ಇಳಿಬಿಟ್ಟ ಕಾಲು, ಕಾಲುಚೀಲ. ಹೇಳುವಾಗ ಆಕೆಯ ಮುಖವನ್ನೇ ನೋಡುತ್ತಿದ್ದೆ. ಕಂಪನಿಯ ಮುಂದಿನ ಕಂತು ಆ ಮುಖದಲ್ಲಿ ಎಲ್ಲಾದರೂ ಮಿಣುಕುತ್ತದೆಯೇ ಎಂದು. ಆಕೆ ಕನ್ನಡಕ ತೆಗೆದು ಒರೆಸಿಕೊಂಡರು, ಅಷ್ಟೆ. ಆಮೇಲೆ ಇವರನ್ನು, ಹಿಂದಿನ ಸಲ ಫೋನಿನಲ್ಲೂ ನೋವಿಟ್ಟುಕೊಂಡೇ ಚೆನ್ನಾಗಿದೆ ಎಂದಿದ್ದಿರಾ ಎಂದು ಕೇಳಿದರು. ಇವರು ನನ್ನ ಕಡೆ ನೋಡಿ ಹೌದೆಂದು ತಲೆಯಾಡಿಸಿದರು. ಆಕೆ ಬೆರಳಚ್ಚು ಮಾಡತೊಡಗಿದಾಗ ನಾನು ಏನು ಬರೆಯುತ್ತೀರಿ ಎಂದು ಕೇಳಿಯೇಬಿಟ್ಟೆ. ಪರದೆಯನ್ನು ನನ್ನತ್ತ ತಿರುಗಿಸಿದರು. ನಾನು ಹೇಳಿದ್ದೇ ಇತ್ತು. ತಿರುಗಿಸಿ ತೋರಿಸಿದರೂ ನನಗೆ ಸಮಾಧಾನವಾಗಲಿಲ್ಲ. ನಾನು ಹೋದ ಮೇಲೆ ಅದು ಹಾಗೆಯೇ ಇರುತ್ತದೆ ಎಂದು ಏನು ಗ್ಯಾರಂಟಿ?

ತೋಳಿಗೂ ಕಣಕಾಲಿಗೂ ಪಟ್ಟಿ ಸುತ್ತಿ ಒತ್ತಡ ಅಳೆದರು. ಬಲಗಾಲಿನ ನಾಡಿ ಯಂತ್ರದಲ್ಲಿ ಒನಕೆಯ ಹಾಗೆ ಕುಟ್ಟುತ್ತಿತ್ತು. ಎಡಗಾಲಿನದು ಗೋಡೆಯಾಚೆ ಯಾರೋ ಪಿಸುಗುಟ್ಟಿದಂತೆ. ಇವರೂ ಕೇಳಿಸಿಕೊಂಡರು. ಮೊದಲ ಬಾರಿಗೆ ಯಾರೂ ಕೇಳದೆಯೇ, "ನೋವಿದೆ" ಎಂದರು.

ಅದೇ ವಾರ ಇನ್ನೊಮ್ಮೆ ಬಲೂನು ಹಾಕಿ ನಾಳ ಬಿಡಿಸಿದರು. ಸಮಯಕ್ಕೆ ಸರಿಯಾಗಿ ಬಂದಿರಿ, ಬೇಸಿಗೆ ಮುಗಿಯಲಿ ಎಂದಿದ್ದರೆ ಬೆರಳು ಉಳಿಯುತ್ತಿರಲಿಲ್ಲ ಎಂದರು ಡಾಕ್ಟರು. ಮೊದಲ ಸಲ ಒಳಗಿಟ್ಟದ್ದು ಜಾಲರಿಯೋ ಬರೀ ಬಲೂನೋ ಎಂದು ಕೇಳಿದೆ. ಪರೀಕ್ಷೆ ಮುಗಿಯುವವರೆಗೆ ಹೇಳುವಂತಿಲ್ಲವಂತೆ. ನರ್ಸ್‌ಗೆ ಗೊತ್ತೇ ಇಲ್ಲವಂತೆ. ಗೊತ್ತಿದ್ದವರು ಹೇಳುವುದಿಲ್ಲ, ಹೇಳಬಲ್ಲವರಿಗೆ ಗೊತ್ತಿಲ್ಲ. ವ್ಯವಸ್ಥೆ ಹಾಗಿದ್ದರೇ ಒಳ್ಳೆಯದು, ಬರೆಯುವವರು ಯಾವ ಕಡೆಗೂ ವಾಲುವುದಿಲ್ಲ ಎಂದು ಮಗಳು ಬಿಡಿಸಿ ಹೇಳಿದಳು. ಇರಬಹುದು.

ಹುಬ್ಬಳ್ಳಿಯ ಹುಡುಗಿ ಈಗಲೂ ಆ ಕಂಪನಿಯ ಸುದ್ದಿ ತರುತ್ತಾಳೆ. ರೋಗಿಗಳು ಚೆನ್ನಾಗಿ ನಡೆಯುತ್ತಿದ್ದಾರೆ ಎಂಬ ಥರದ ಮಾತು ಕಿವಿಗೆ ಬಿದ್ದರೆ ನಾನು ಅವಳನ್ನು ಕೇಳುತ್ತೇನೆ: "ನಡೀತಿದೀನಿ ಅಂದೋರು ಯಾರಮ್ಮ? ಅವರೋ, ಅವರ ಹೆಂಡ್ತೀರೋ?" ದೊಡ್ಡ ದುಡ್ಡನ್ನು ಅನುಮಾನಿಸುವುದನ್ನು ನಾನು ಬಿಟ್ಟಿಲ್ಲ. ಆದರೆ ಆ ಪರೀಕ್ಷೆಗೆ ನಾನು ಕಣ್ಣಾರೆ ಕಂಡ ಸುಳ್ಳು ಹೋದದ್ದು ನಮ್ಮ ಸೋಫಾದಿಂದ.

ಮೊನ್ನೆ ನಿಲ್ದಾಣದಿಂದ ಇಬ್ಬರೂ ನಡೆದು ಬರುತ್ತಿದ್ದೆವು. ಹುಣ್ಣು ಮಾಗಿದೆ. ಕಿವಿಯ ಯಂತ್ರದ ಅಂಗಡಿ ದಾಟಿತು, ಹೂವಿನ ಅಂಗಡಿ ದಾಟಿತು, ಮನೆ ಮಾರುವವರ ಗಾಜೂ ದಾಟಿತು. ಆಮೇಲೆ ಕಟ್ಟಡ ಕೆಲಸಕ್ಕೆಂದು ಹಲಗೆ ಬಡಿದು ಮುಚ್ಚಿದ ಉದ್ದನೆಯ ಗೋಡೆ. ನೋಡಲು ಅಲ್ಲಿ ಏನೂ ಇಲ್ಲ. ಇವರು ಅಲ್ಲಿ ನಿಂತರು.

"ನೋವು" ಎಂದರು.

"ಹತ್ತಕ್ಕೆ ಎಷ್ಟು?"

"ಎರಡು."

ನಾನು ಮುಖ ನೋಡಿದೆ.

"ಮೂರು" ಎಂದರು.

ಕೈಯಲ್ಲಿದ್ದ ಸಾಮಾನಿನ ಚೀಲವನ್ನು ಕೆಳಗಿಟ್ಟು, ಜನ ಓಡಾಡುವ ದಾರಿಯಲ್ಲಿ, ಹಲಗೆ ಗೋಡೆಗೆ ಬೆನ್ನು ಕೊಟ್ಟು, ನೋವು ಇಳಿಯುವವರೆಗೆ ನಾನೂ ನಿಂತೆ.