ಮುಸ್ತಾಕನ ಮೀನಿಗೆ ದಿಲಾವರನ ಕೈ

ಸವಣೂರಿನ ದಿಲಾವರ ಗಾದಿ ಹೊಲಿಯುವವನು. ಆದರೆ ಊರವರು ಅವನನ್ನು ಕರೆಯುತ್ತಿದ್ದದ್ದು ಗಾಳದ ಉಸ್ತಾದ ಎಂದು. ಶುಕ್ರವಾರ ಮಧ್ಯಾಹ್ನದ ನಮಾಜು ಮುಗಿಸಿ ಅವನು ಕೆರೆಯ ಕಡೆ ಹೊರಟನೆಂದರೆ ಹಿಂದೆ ನಾಲ್ಕು ಜನ ಹೊರಡುತ್ತಿದ್ದರು. ಶೇಂಗಾ ಹಿಂಡಿ, ತೌಡು, ಚೂರು ಬೆಲ್ಲ, ಜೊತೆಗೆ ಕರಿದ ಖಾರ ತಿಂಡಿಯ ಅಂಗಡಿಯಲ್ಲಿ ಡಬ್ಬಿಯ ತಳಕ್ಕೆ ಉಳಿಯುವ ಪುಡಿ ಹಾಕಿ ಅವನು ಕಲಸುವ ಉಂಡೆಗೆ ಕಟ್ಲಾ ಮೀನು ಬಾರದೆ ಹೋದದ್ದು ಕಡಿಮೆ. ಹಾನಗಲ್ಲಿನ ಆನಿಕೆರೆಯಲ್ಲಿ ಗಾಳ ಹಾಕುವವರೂ ಫೋನು ಮಾಡಿ ಅವನ ಸಲಹೆ ಕೇಳುತ್ತಿದ್ದರು. ಐವತ್ತೆರಡು ವರ್ಷದ ಆ ಮನುಷ್ಯ ಮಗಳ ಮದುವೆ ಮಾಡಿದ್ದ, ಮನೆಗೆ ಸ್ಲ್ಯಾಬು ಹಾಕಿಸಿದ್ದ. ಆದರೆ ಎದೆಯುಬ್ಬಿಸಿ ನಡೆಯುವುದಕ್ಕೆ ಅವನಿಗಿದ್ದದ್ದು ಆ ಉಸ್ತಾದಗಿರಿ ಒಂದೇ.

ಅದಕ್ಕೆ ಕುತ್ತು ತಂದವನು ಹೆಂಡತಿ ಮಾಬೂಬಿಯ ತಮ್ಮ ಮುಸ್ತಾಕ. ಬಸ್‌ಸ್ಟ್ಯಾಂಡಿನ ಬಳಿ ಮೊಬೈಲ್ ಅಂಗಡಿ ಇಟ್ಟವನು. ಗಾಳಕ್ಕೆ ಗಂಟು ಹಾಕುವುದರಿಂದ ಹಿಡಿದು ನೀರಿನ ಬಣ್ಣ ನೋಡಿ ಜಾಗ ಹಿಡಿಯುವ ತನಕ ಎಲ್ಲವನ್ನೂ ಅವನಿಗೆ ಕಲಿಸಿದವನು ದಿಲಾವರ. ಕಲಿತವನು ಸುಮ್ಮನಿದ್ದನೇ? ಕೆರೆಯಲ್ಲಿ ಮೀನು ಹಿಡಿಯುವ ವಿಡಿಯೋ ಮಾಡಿ ಇಂಟರ್‌ನೆಟ್ಟಿಗೆ ಹಾಕಿದ, ಸಾವಿರಾರು ಜನ ನೋಡಿದರು. ಉಂಡೆ ಕಲಸುವ ಕೈಗಳು ದಿಲಾವರನವು, ನಗುವ ಮುಖ ಮುಸ್ತಾಕನದು. ಹುಬ್ಬಳ್ಳಿಯಲ್ಲಿ ಗಾಳದ ಸಾಮಾನು ಮಾರುವವರೊಬ್ಬರು ತಾವು ನಡೆಸಿದ ವಿಡಿಯೋ ಸ್ಪರ್ಧೆಯಲ್ಲಿ ಅದಕ್ಕೆ ಮೊದಲ ಬಹುಮಾನ ಕೊಟ್ಟರು. ಕಾರವಾರದಿಂದ ಬಾಡಿಗೆ ಬೋಟಿನಲ್ಲಿ ಮೂರು ದಿನ ನಡುಸಮುದ್ರಕ್ಕೆ ಹೋಗಿ ಮೀನು ಹಿಡಿಯುವುದು ಆ ಬಹುಮಾನ. ಜೊತೆಗೆ ಒಬ್ಬರನ್ನು ಕರೆದುಕೊಂಡು ಹೋಗಬಹುದಿತ್ತು. ಮುಸ್ತಾಕ ನೆಟ್ಟಗೆ ಬಂದು ದಿಲಾವರನನ್ನೇ ಕರೆದ.

ದಿಲಾವರನ ಮೈಯೆಲ್ಲ ಉರಿಯಿತು. ಶಿಷ್ಯನ ಬಾಲ ಹಿಡಿದು ಉಸ್ತಾದ ಹೋಗಬೇಕೇ? ಬರುವುದಿಲ್ಲ ಎಂದ. ಆಮೇಲೆ ಯೋಚಿಸಿದ. ತಾನು ಹೋಗದಿದ್ದರೆ ಇವನು ಹಿಂದಿರುಗಿ ಬಂದು ಏನೇನು ಕೊಚ್ಚಿಕೊಳ್ಳುತ್ತಾನೋ, ಅಲ್ಲವೆನ್ನುವುದಕ್ಕೆ ಒಬ್ಬನಾದರೂ ಕಂಡವನು ಬೇಡವೇ. ಎರಡು ಕಿಲೋ ಉಂಡೆಯನ್ನು ಸ್ಟೀಲ್ ಡಬ್ಬಿಗೆ ತುಂಬಿಕೊಂಡು ಯಲವಿಗಿಯಲ್ಲಿ ಅವನ ಹಿಂದೆಯೇ ರೈಲು ಹತ್ತಿದ.

ಬೋಟಿನ ಕ್ಯಾಪ್ಟನ್ ಸುನೀಲ ಕಾರವಾರದವನೇ. ಡಬ್ಬಿಯ ಮುಚ್ಚಳ ತೆಗೆದು ಮೂಸಿ, ಇದನ್ನು ಇಲ್ಲಿಯ ಮೀನು ಕಣ್ಣೆತ್ತಿಯೂ ನೋಡುವುದಿಲ್ಲ ಎಂದು ಮರ್ಯಾದೆಯಿಂದಲೇ ಹೇಳಿದ. ಅವರದು ಬೇರೆ ಪದ್ಧತಿ. ಬೋಟು ಓಡುತ್ತಲೇ ಇರುತ್ತದೆ, ಹಿಂದೆ ನಾಲ್ಕು ಗಾಳಗಳಲ್ಲಿ ಮಿರಮಿರ ಮಿಂಚುವ ಸುಳ್ಳುಮೀನುಗಳನ್ನು ಎಳೆದುಕೊಂಡು ಹೋಗುತ್ತದೆ. ಹಿಡಿಯುವವರು ಸರದಿಯಂತೆ ಕಾಯುತ್ತಾರೆ. ಯಾವ ಗಾಳದ ರಾಡು ಬಾಗಿದರೂ ಆಗ ಸರದಿ ಯಾರದೋ ಅವರೇ ಅದನ್ನು ಹಿಡಿದು ಮೀನನ್ನು ಎಳೆಯಬೇಕು. ಇವರಿಬ್ಬರ ಜೊತೆಗೆ ಹುಬ್ಬಳ್ಳಿಯ ಇಬ್ಬರು ಡಾಕ್ಟರುಗಳಿದ್ದರು. ಇಪ್ಪತ್ತು ವರ್ಷದ ಹೆಸರು ತಂದುಕೊಟ್ಟ ಉಂಡೆಯ ಡಬ್ಬಿಯನ್ನು ದಿಲಾವರ ಬೆಂಚಿನ ಕೆಳಗೆ ತಳ್ಳಿ ಕೂತ.

ಒಂದು ಸಮಾಧಾನವೂ ಸಿಕ್ಕಿತು. ದಡ ಮರೆಯಾಗುವ ಮೊದಲೇ ಮುಸ್ತಾಕನಿಗೆ ವಾಂತಿ ಶುರುವಾಯಿತು. ಮುಖದ ಮೇಲೆ ಒದ್ದೆ ಬಟ್ಟೆ ಹಾಕಿಕೊಂಡು ಕ್ಯಾಬಿನ್ನಿನೊಳಗೆ ಹೆಣದಂತೆ ಮಲಗಿದ. ನಿಂಬೆಹಣ್ಣು ಹಿಡಿದು ಪಕ್ಕದಲ್ಲಿ ಕೂತ ದಿಲಾವರ ಅಯ್ಯೋ ಪಾಪ ಎನ್ನುತ್ತಿದ್ದ, ಒಳಗೊಳಗೆ ಹಿರಿಹಿರಿ ಹಿಗ್ಗುತ್ತಿದ್ದ. ಅದೇ ಸಂಜೆ ಸುನೀಲ ಕ್ಯಾಬಿನ್ನಿನ ಗೋಡೆಯಲ್ಲಿದ್ದ ಹಲಗೆಯನ್ನು ತೋರಿಸಿದ. ಆ ಬೋಟಿನಲ್ಲಿ ಹಿಡಿದ ದೊಡ್ಡ ಮೀನುಗಳ ತೂಕ, ಹಿಡಿದವರ ಹೆಸರು, ಊರು ಅದರಲ್ಲಿದ್ದವು. ಬೆಂಗಳೂರು, ಪುಣೆ, ಕೊಚ್ಚಿ. ಎಲ್ಲಕ್ಕಿಂತ ಮೇಲೆ ಇಪ್ಪತ್ತೊಂದು ಕಿಲೋದ ಸುರ್ಮಾಯಿ.

"ಒಂದು ಮಾತು ನೆನಪಿರ್ಲಿ," ಎಂದ ಸುನೀಲ. "ಸರದಿಯವ್ರನ್ನ ಬಿಟ್ಟು ಬೇರೆಯವ್ರು ರಾಡು ಮುಟ್ಟಿದ್ರೆ ಆ ಮೀನು ಹಲಗೆಗೆ ಬರಲ್ಲ. ನಿಮ್ಮವ್ರು ಎದ್ದ ಮೇಲೆ ಅವ್ರಿಗೂ ಹೇಳಿ."

ದಿಲಾವರ ಆಗಲಿ ಎಂದ. ಎದ್ದ ಮೇಲೆ ಹೇಳಲಿಲ್ಲ. ಮರೆತನೆಂದು ಯಾರಾದರೂ ಅಂದುಕೊಂಡರೆ ಅದು ಸುಳ್ಳು. ಮರುದಿನ ಹತ್ತು ಸಲ ಆ ಮಾತು ನಾಲಿಗೆಯ ತುದಿಗೆ ಬಂತು. ಹತ್ತು ಸಲವೂ ಅದನ್ನು ನುಂಗಿಕೊಂಡ.

ಆ ದಿನ ದಿಲಾವರನ ಸರದಿಗೆ ಸಿಕ್ಕಿದ್ದು ಎರಡು ಕಿಲೋದ ಗೆದರೆ ಮೀನು. ಡಾಕ್ಟರೊಬ್ಬರು ಬೆನ್ನು ತಟ್ಟಿದರು. ಮಧ್ಯಾಹ್ನದ ಊಟಕ್ಕೆ ಅದು ಸಾರಾಯಿತು. ಮುಸ್ತಾಕ ಎದ್ದು ಕೂತು, ಉಸ್ತಾದರ ಮೀನಿನ ರುಚಿಯೇ ಬೇರೆ ಎಂದು ಎರಡು ಸಲ ಬಡಿಸಿಕೊಂಡ. ಅವನು ಹೊಗಳುತ್ತಾನೋ ಚುಚ್ಚುತ್ತಾನೋ ತಿಳಿಯದೆ ದಿಲಾವರ ಅರ್ಧ ಊಟಕ್ಕೇ ಕೈ ತೊಳೆದ.

ಮೂರನೆಯ ದಿನ ಬೆಳಿಗ್ಗೆ ಮುಸ್ತಾಕನ ಸರದಿಯಲ್ಲಿ ರಾಡು ಬಿಲ್ಲಿನಂತೆ ಬಾಗಿತು. ರೀಲಿನ ದಾರ ಕಿರ್ರೆಂದು ಬಿಚ್ಚಿಕೊಂಡು ಓಡಿತು. ಸುನೀಲ ಬೋಟು ನಿಧಾನ ಮಾಡಿದ. ಅರ್ಧ ತಾಸು ಎಳೆದಾಟ ನಡೆಯಿತು. ದೂರದಲ್ಲಿ ಒಮ್ಮೆ ಮೀನು ಮೇಲಕ್ಕೆ ಚಿಮ್ಮಿದಾಗ, ಮೂವತ್ತು ವರ್ಷ ಸಮುದ್ರದ ಮೇಲಿದ್ದ ಸುನೀಲನೇ ಸೀಟು ಬಿಟ್ಟೆದ್ದು ನಿಂತ. ದಿಲಾವರನ ಹೊಟ್ಟೆಯಲ್ಲಿ ಕೆಂಡ ಸುರಿದಂತಾಯಿತು. ಇದು ಹಲಗೆಯ ನೆತ್ತಿಗೆ ಹೋಗುವ ಮೀನು. ಪುಣೆ, ಕೊಚ್ಚಿಗಳ ಮೇಲೆ ಸವಣೂರು ಎಂದು ಬರೆಯುತ್ತಾರೆ. ಆದರೆ ಅದರ ಮುಂದೆ ಇರುವುದು ಮುಸ್ತಾಕನ ಹೆಸರು. ನಾಳೆ ಕೆರೆಯ ದಂಡೆಯಲ್ಲಿ ಉಸ್ತಾದ ಎಂದು ಯಾರಾದರೂ ಕೂಗಿದರೆ ತಿರುಗಿ ನೋಡುವವನು ಬೇರೆ. ದಾರ ಹರಿಯಲಿ ಎಂದು ಅವನು ಮನಸ್ಸಿನಲ್ಲೇ ಬೇಡಿಕೊಂಡ. ದಾರ ಹರಿಯಲಿಲ್ಲ.

ಮೀನು ಬೋಟಿನಿಂದ ಹತ್ತು ಮಾರು ದೂರಕ್ಕೆ ಬಂದಿತ್ತು. ಮುಸ್ತಾಕ ರಾಡಿನ ಬುಡವನ್ನು ಹೊಟ್ಟೆಗೆ ಒತ್ತಿ ಹಿಡಿದಿದ್ದ. ಅವನು ತಿರುಗಿ ದಿಲಾವರನ ಮುಖವನ್ನು ಒಂದು ಗಳಿಗೆ ನೋಡಿದ.

"ದುಲ್ಹಾಭಾಯಿ, ಕೈ ಹಚ್ರಿ."

ಅಕ್ಕನ ಗಂಡನನ್ನು ಅವನು ಹಾಗೆಯೇ ಕರೆಯುತ್ತಿದ್ದ. ಸವಣೂರಿನ ಕೆರೆಯಲ್ಲಿ ದೊಡ್ಡ ಮೀನು ಬಿದ್ದರೆ ಪಕ್ಕದವನು ಕೈ ಹಚ್ಚಲೇಬೇಕು. ಜಗಳವಾಡಿ ಮಾತು ಬಿಟ್ಟವನಾದರೂ ಹಚ್ಚುತ್ತಾನೆ, ಅದು ಅಲ್ಲಿಯ ರೂಢಿ. ಬೇಡ, ಮುಟ್ಟಿದರೆ ಮೀನು ಲೆಕ್ಕಕ್ಕಿಲ್ಲ ಎಂದು ಹೇಳುವುದಕ್ಕೆ ದಿಲಾವರನಿಗೆ ಬೇಕಾದಷ್ಟು ಹೊತ್ತಿತ್ತು. ಅವನು ಹೇಳಲಿಲ್ಲ. ಎರಡು ಹೆಜ್ಜೆ ಮುಂದೆ ಹೋಗಿ ಎರಡೂ ಕೈಯಿಂದ ರಾಡನ್ನು ಗಟ್ಟಿಯಾಗಿ ಹಿಡಿದ.

ಮೀನು ಮೇಲೆ ಬಂತು. ಇಪ್ಪತ್ತನಾಲ್ಕು ಕಿಲೋದ ಸುರ್ಮಾಯಿ. ಸುನೀಲ ತಲೆ ಅಲ್ಲಾಡಿಸುತ್ತ, ಅವರಿಗೆ ಹೇಳಿರಲಿಲ್ಲವೇ ಎಂದು ದಿಲಾವರನನ್ನೇ ಕೇಳಿದ.

"ನಮ್ಮೂರ ಕೆರ್‍ಯಾಗ ಹಿಂಗ ರೂಢಿರಿ. ಕೈ ತಾನ ಹೋತು," ಎಂದ ದಿಲಾವರ.

ಮುಸ್ತಾಕ ಮೀನನ್ನು ಇಬ್ಬರ ನಡುವೆ ಹಿಡಿದು ಫೋಟೋ ತೆಗೆಸಿದ. ಹಲಗೆಯ ಮೇಲೆ ಇಪ್ಪತ್ತೊಂದು ಹಾಗೆಯೇ ಉಳಿಯಿತು. ದಡ ಮುಟ್ಟುವ ತನಕ ದಿಲಾವರ ಹಗುರಾಗಿ, ಡಾಕ್ಟರುಗಳ ಜೊತೆ ನಗುತ್ತ ಹರಟೆ ಹೊಡೆದ.

ಆ ಹಗುರ ಶುಕ್ರವಾರದ ತನಕ ಮಾತ್ರ ಬಾಳಿತು. ಕೆರೆಯ ದಂಡೆಯಲ್ಲಿ ಜನ ಸೇರಿದಾಗ ಮುಸ್ತಾಕ ಫೋಟೋ ತೋರಿಸಿ, ಉಸ್ತಾದರು ಕೈ ಹಚ್ಚಿದ್ದರಿಂದಲೇ ಮೀನು ಬಂತು, ತನ್ನೊಬ್ಬನಿಂದ ಆಗುತ್ತಿರಲಿಲ್ಲ ಎಂದು ಎಲ್ಲರೆದುರು ಹೇಳಿದ. ಜನ ದಿಲಾವರನ ಕೈ ಕುಲುಕಿದರು. ಅವನಿಗೆ ಬೇಕಾಗಿದ್ದದ್ದು ಅದೇ. ಆದರೂ ಯಾರೋ ಕಪಾಳಕ್ಕೆ ಹೊಡೆದಂತಾಯಿತು. ಜನ ಚದುರಿದ ಮೇಲೆ ಅವನಿಗೆ ತಡೆದುಕೊಳ್ಳಲಾಗಲಿಲ್ಲ.

"ಮುಸ್ತಾಕ, ಆ ಕಾಯ್ದೆ ನನಗ ಮೊದಲ ದಿನಾನ ಗೊತ್ತಿತ್ತು. ಬೇಕಂತ ಹೇಳಲಿಲ್ಲ."

ಮುಸ್ತಾಕ ದಾರ ಸುತ್ತುತ್ತಿದ್ದ. ತಲೆ ಎತ್ತಲಿಲ್ಲ.

"ನನಗೂ ಗೊತ್ತಿತ್ರಿ. ಸುನೀಲ ಹೇಳುಮುಂದ ಮಕ್ಕೊಂಡಿದ್ದೆ, ನಿದ್ದಿ ಹತ್ತಿದ್ದಿಲ್ಲ. ಆ ಹಲಗಿ ಮ್ಯಾಲ ನನ್ನ ಹೆಸರು ಬಂದಿದ್ರ ನೀವು ಮತ್ತ ನನ್ನ ಕೂಡ ಕೆರಿಗೆ ಬರ್ತಿದ್ದಿಲ್ಲ. ಅದಕ್ಕ ಕೈ ಹಚ್ರಿ ಅಂತ ಕರದೆ."

ಮುಸ್ತಾಕ ತಾನಾಗಿ ಬಿಟ್ಟುಕೊಟ್ಟದ್ದನ್ನು ತಾನು ಕಿತ್ತುಕೊಂಡೆನೆಂದು ದಿಲಾವರ ಇಷ್ಟು ದಿನ ಬೀಗಿದ್ದ. ಆ ಹುಡುಗನನ್ನು ಅಪ್ಪಿಕೊಳ್ಳಬೇಕು ಎಂದು ಒಂದು ಗಳಿಗೆ ಅನಿಸಿತು. ಮರುಗಳಿಗೆಯಲ್ಲೇ, ಅಷ್ಟು ದೊಡ್ಡ ಮನಸ್ಸು ಇವನಿಗೇ ಏಕೆ ಬಂತು, ತನಗೇಕೆ ಬರಲಿಲ್ಲ ಎಂದು, ಸಮುದ್ರದ ನಡುವೆ ಉರಿದದ್ದಕ್ಕಿಂತ ಹೆಚ್ಚು ಹೊಟ್ಟೆ ಉರಿಯಿತು.