ಗುಡುಗಿನ ಕಾಲದ ಬ್ಯಾಕಪ್

ಸುಳ್ಯದಲ್ಲಿ ನಾನು ಕೆಲಸ ಮಾಡುವ ಆಡಿಟರ್ ಆಫೀಸಿನಲ್ಲಿ ಎಲ್ಲರ ಲ್ಯಾಪ್‌ಟಾಪ್‌ಗಳ ಬ್ಯಾಕಪ್ ತೆಗೆಯುವುದನ್ನು ನನ್ನ ತಲೆಗೆ ಕಟ್ಟಿದ್ದರು. ಸಂಜೆ ಎಲ್ಲರೂ ಹೋದ ಮೇಲೂ ಕೂತು ಕೂತು ಸಾಕಾಗಿ, ಒಳಕೋಣೆಯಲ್ಲಿ ಒಂದು ಸರ್ವರ್ ಇಟ್ಟು, ನಾಲ್ಕು ಗಂಟೆಗೆ ಎಲ್ಲವೂ ತಾನಾಗಿಯೇ ಅದಕ್ಕೆ ನಕಲಾಗುವಂತೆ ಮಾಡಿದೆ. ಇನ್ನಾದರೂ ಐದೂವರೆಯ ಬಸ್ಸು ಸಿಗುತ್ತದೆ ಅಂದುಕೊಂಡೆ.

ನಮ್ಮೂರಿನ ಗುಡುಗನ್ನು ಮರೆತಿದ್ದೆ. ಏಪ್ರಿಲಿನಲ್ಲಿ ಅದು ಬರುವುದೂ ಅದೇ ಹೊತ್ತಿಗೆ. ದೂರದಲ್ಲಿ ಒಮ್ಮೆ ಗುಡುಗಿದರೆ ಸಾಕು, ಆಫೀಸಿನಲ್ಲಿ ಯಾರ ಕೈಯೂ ಸುಮ್ಮನಿರುವುದಿಲ್ಲ. ಮನೆಯಲ್ಲಿ ಟಿವಿಯ ವಯರು ತೆಗೆದು ತೆಗೆದು ಆದ ಅಭ್ಯಾಸ. ಸರ್ವರಿನದ್ದು, ಮೋಡೆಮಿನದ್ದು, ಎಲ್ಲ ವಯರುಗಳನ್ನೂ ಕಿತ್ತು ನೆಲಕ್ಕೆ ಹಾಕುತ್ತಾರೆ.

"ಸಿಡಿಲಿಗೆ ಸುಟ್ಟು ಹೋದ್ರೆ ಮತ್ತೆ ಎಂತ ಮಾಡುದು ಮಾರಾಯ್ರೆ?" ಎಂದು ನನಗೇ ಜೋರು ಮಾಡುತ್ತಾರೆ. ಅವರು ಹೇಳುವುದು ಸುಳ್ಳೂ ಅಲ್ಲ. ನನಗೆ ಸಿಟ್ಟು ಬರುವುದೇ ಅದಕ್ಕೆ.

ಮಿಂಚು ನಿಂತ ಮೇಲೆ ವಯರು ಸಿಕ್ಕಿಸಿ ಬ್ಯಾಕಪ್ ಮತ್ತೆ ಶುರು ಮಾಡಲು ಒಬ್ಬರು ಬೇಕಲ್ಲ. ಎಲ್ಲರೂ ಬಸ್ಸಿಗೆ ಓಡುತ್ತಾರೆ. ನಾನು ಆಕಾಶ ನೋಡುತ್ತ ಕೂರುತ್ತೇನೆ.

ಮೊನ್ನೆ ಆಫೀಸಿಗೆ ಬಂದವರೊಬ್ಬರಿಗೆ ಯಜಮಾನರು ನನ್ನತ್ತ ಕೈ ತೋರಿಸಿ ಹೆಮ್ಮೆಯಿಂದ ಹೇಳುತ್ತಿದ್ದರು: "ನಮ್ಮಲ್ಲಿ ಬ್ಯಾಕಪ್ ಎಲ್ಲ ಆಟೋಮ್ಯಾಟಿಕ್. ಇವರೊಬ್ರು ರಜೆ ಹಾಕದಿದ್ರೆ ಆಯ್ತು."