ಕೊಬ್ಬು ಸವರಿದ ಜೋಳ

ನಾಯಿ ತಿಂಡಿಯ ಕಾರ್ಖಾನೆಯಲ್ಲಿ ಅವಳದು ಹದಿನಾಲ್ಕು ವರ್ಷದ ಕೆಲಸ. ಎಲ್ಲರ ಬಾಯಲ್ಲೂ ಮೂಗಕ್ಕ. ಚೀಲದ ಬಾಯಿ ಬಿಚ್ಚುವ ಮುಂಚೆಯೇ ಮೂಸಿ, ಒಳಗಿನದು ಹಳಸಿದ್ದೋ ಹೊಸದೋ ಹೇಳಿಬಿಡುತ್ತಿದ್ದಳು. ಅಂಥ ಮೂಗಿಟ್ಟುಕೊಂಡು ಅಂಥ ಜಾಗದಲ್ಲಿ ದುಡಿಯುವುದು ಹುಡುಗಾಟವಲ್ಲ. ಕೋಳಿಯ ಕರುಳು, ಕಾಲು, ತಲೆ ಬೇಯುವ ಹಬೆ ಕೂದಲಿಗೆ ಅಂಟುತ್ತಿತ್ತು. ಮನೆಗೆ ಬಂದರೆ ಗಂಡ "ಮೊದ್ಲು ಸ್ನಾನ, ಆಮೇಲೆ ಮಾತು" ಎಂದು ಬಾಗಿಲಲ್ಲೇ ತಡೆಯುತ್ತಿದ್ದ.

ಆ ನಾತ ಅವಳಿಗೆ ಒಗ್ಗಿತ್ತು. ಎಷ್ಟಾದರೂ ನಾಯಿ ತಿನ್ನುವ ಮಾಂಸ. ಒಗ್ಗದ ನಾತ ಶುರುವಾದದ್ದು ಹೊಸ ಮೇಲ್ವಿಚಾರಕ ಬಂದ ಮೇಲೆ. ಚೀಲದ ಮೇಲೆ "ಭರ್ತಿ ಮಾಂಸ" ಎಂದು ಅಚ್ಚು ಹಾಕಿಸಿ, ಒಳಗೆ ಮೆಕ್ಕೆಜೋಳ ತುಂಬಿಸಿದ. ಜೋಳವಾದರೂ ನೆಟ್ಟಗಿದ್ದರೆ ಅವಳು ತುಟಿ ಬಿಚ್ಚುತ್ತಿರಲಿಲ್ಲ. ಕಾಳು ತಿಂದೇ ಮುದಿಯಾದ ನಾಯಿಗಳನ್ನು ಕಂಡವಳು. ಒಂದು ಬೆಳಗ್ಗೆ ಬಂದ ಲೋಡು ಮಾತ್ರ ಹಸಿರು ಬೂಷ್ಟು ಹಿಡಿದು ಹೆಂಟೆ ಕಟ್ಟಿತ್ತು. ಕೈಯಿಟ್ಟರೆ ಬಿಸಿ, ಜಿಗುಟು, ಗಿಜಿಗುಡುವ ಹುಳು.

"ಸಾರ್, ಇದನ್ನ ತಿಪ್ಪೆನೂ ಒಪ್ಪಲ್ಲ."

"ಮೇಲೆ ಕೊಬ್ಬು ಸವರಿದ್ರೆ ನಾಯಿ ತಟ್ಟೆ ಸಮೇತ ನೆಕ್ಕುತ್ತೆ. ಅದೇನು ಬಂದು ದೂರು ಕೊಡುತ್ತಾ? ಸುಮ್ನೆ ಮಿಲ್ಲಿಗೆ ಹಾಕಮ್ಮ."

ಹಾಕಿದಳು. ಮೂರು ದಿನ ಹಾಕಿದಳು. ಊಟಕ್ಕೆ ಕೂತರೆ ತನ್ನ ಬೆರಳನ್ನೇ ಮೂಸಿ ತಟ್ಟೆ ಸರಿಸುತ್ತಿದ್ದಳು.

ನಾಲ್ಕನೆಯ ದಿನ ಅಂಗಡಿಗಳಿಗೆ ಸರಕು ಕೊಳ್ಳುವ ಹೆಂಗಸೊಬ್ಬಳು ಬಂದಳು. ಬಂದವರೆದುರು ನಾಯಿ ತಿಂಡಿಯ ಒಂದು ಉಂಡೆ ಬಾಯಿಗೆ ಹಾಕಿಕೊಳ್ಳುವುದು ಮೇಲ್ವಿಚಾರಕನ ವರಸೆ. ಅದಕ್ಕೆಂದೇ ಹಳೆಯ ಒಳ್ಳೆಯ ಮಾಲು ಡಬ್ಬಿಯಲ್ಲಿರುತ್ತಿತ್ತು. ಮೂಗಕ್ಕ ತಟ್ಟೆಗೆ ಅಂದಿನ ಮಾಲನ್ನೇ ಸುರಿದು ತಂದಳು. ಆತ ಕಡಿದ. ಕಣ್ಣಲ್ಲಿ ನೀರು ಬಂತು. ಉಗುಳಲಿಲ್ಲ, ನಗುತ್ತಲೇ ನುಂಗಿದ.

"ತುಂಬಾ ರುಚಿ" ಎಂದ.

ಮೂಗಕ್ಕ ತಟ್ಟೆ ಕೆಳಗಿಟ್ಟಳು. "ಮೇಡಂ, ಗೋದಾಮಿಗೆ ಬನ್ನಿ. ಇವರು ನುಂಗಿದ್ದು ಏನು ಅಂತ ಕಣ್ಣಾರೆ ನೋಡಿ."

ಹೆಂಗಸು ಹೋದಳು, ಮೂಗು ಮುಚ್ಚಿಕೊಂಡು ಹೊರಬಂದಳು, ನೇರ ಕಾರು ಹತ್ತಿದಳು. ಸುದ್ದಿ ಮಾಲೀಕರಿಗೆ ಮುಟ್ಟಿತು. ಜೋಳವನ್ನು ಗುಂಡಿ ತೋಡಿ ಹೂಳಿಸಿದರು. ಮೇಲ್ವಿಚಾರಕನನ್ನು ಅದೇ ವಾರ ಮನೆಗೆ ಕಳಿಸಿದರು. "ಮನೆ ಮಾತು ಬೀದಿಗೆ ತಂದೆ" ಎಂದು ಅವಳನ್ನೂ.

ಈಗ ಅವಳು ಲಾಂಡ್ರಿಯೊಂದರಲ್ಲಿ ಇಸ್ತ್ರಿ ಹಾಕುತ್ತಾಳೆ. ಸೋಪಿನ ವಾಸನೆ ಹಿತವಾಗಿದೆ. ಆದರೆ ಆ ಮೂರು ದಿನದ ಮಾಲು ಆಗಲೇ ಲಾರಿ ಹತ್ತಿ ಹೋಗಿತ್ತು. ಯಾರದೋ ಮನೆಯ ನಾಯಿ ಬಾಲ ಅಲ್ಲಾಡಿಸುತ್ತ ಅದನ್ನು ನೆಕ್ಕುವುದು ಕಣ್ಣಿಗೆ ಕಟ್ಟಿದರೆ, ಇಸ್ತ್ರಿ ಪೆಟ್ಟಿಗೆ ಬದಿಗಿಟ್ಟು ಮೋರಿಗೆ ಹೋಗಿ ಉಗಿಯುತ್ತಾಳೆ.